‘ಎಲ್ಲಿದ್ರಿ’ ಎಂಬ ನಾಯಿಗೆ ಲಸಿಕೆ

ಹೊತ್ತು ಏರುವ ಮುಂಚೆಯೇ ಉಣ್ಣಿತೊಟ್ಟಿಯ ಬಳಿ ಊರಿಗೆ ಊರೇ ಬಂದು ನಿಂತಿತ್ತು, ಅದೂ ನಾಯಿಗಳ ಸಮೇತ. ವಾರಕ್ಕೊಂದು ಸಲ ದನಗಳನ್ನು ಔಷಧಿ ನೀರಿಗೆ ಇಳಿಸಿ ಉಣ್ಣಿ ಬಿಡಿಸುವ ಜಾಗ ಅದು. ದನಗಳಾದರೆ ಮರದ ಗಳ ಕಟ್ಟಿದ ಓಣಿಯಲ್ಲಿ ಒಂದರ ಹಿಂದೊಂದು ಮರ್ಯಾದೆಯಿಂದ ನಡೆಯುತ್ತವೆ. ನಾಯಿಗಳಿಗೆ ಆ ಮರ್ಯಾದೆ ಕಲಿಸಿದವರು ಯಾರು? ಒಂದು ಗುರ್ ಎಂದರೆ ಹತ್ತು ಗುರ್ ಎನ್ನುತ್ತಿದ್ದವು. ಹಗ್ಗ ಹಗ್ಗಕ್ಕೆ ಸುತ್ತಿಕೊಂಡು, ಹಗ್ಗ ಹಿಡಿದವರು ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. ಬೆಕ್ಕು ತಂದವರು ಹಿಟ್ಟಿನ ಚೀಲದಲ್ಲಿ ಹಾಕಿ ಬಾಯಿ ಕಟ್ಟಿಕೊಂಡು ತಂದಿದ್ದರು. ಚೀಲಗಳು ನೆಲದ ಮೇಲೆ ತಾವಾಗಿಯೇ ಹೊರಳುತ್ತಿದ್ದವು.

ಮುಹಾಚ ಮರದ ಕೆಳಗೆ ಮೇಜು ಹಾಕಿಕೊಂಡು ಫರಿಸಾಯಿ ನಿಂತಿದ್ದಳು. ಮೈಮೇಲೆ ಬಿಳಿ ಕೋಟು, ಎದುರಿಗೆ ನೀಲಿ ಐಸ್ ಪೆಟ್ಟಿಗೆ, ಪೆಟ್ಟಿಗೆಯೊಳಗೆ ಹುಚ್ಚುನಾಯಿ ರೋಗದ ಲಸಿಕೆಯ ಸೀಸೆಗಳು. ನಲವತ್ತೆಂಟು ವರ್ಷದ ಈ ವಿಧವೆ ಬುಹೆರದ ಪಶುವೈದ್ಯ ಕಚೇರಿಯಲ್ಲಿ ಐದು ದಿನ ತರಬೇತಿ ಪಡೆದು ಬಂದಿದ್ದಳು. ಇವತ್ತು ಮೊದಲ ಸಲ ಒಬ್ಬಳೇ ಸೂಜಿ ಹಿಡಿಯುವವಳು. ಕಚೇರಿಯ ಡಾಕ್ಟರು ಬೆಳಗಿನ ಜಾವ ಪೆಟ್ಟಿಗೆ ಇಳಿಸಿ, “ಎರಡು ಗಂಟೆಗೆ ಗಾಡಿ ಬರುತ್ತೆ, ಅಷ್ಟರೊಳಗೆ ಮುಗಿಸ್ಬೇಕು” ಎಂದು ಹೇಳಿ ಮುಂದಿನ ಊರಿಗೆ ಹೋಗಿದ್ದರು. ಮದುವೆಯ ದಿನವೂ ಅವಳಿಗೆ ಇಷ್ಟು ಹುರುಪು ಇರಲಿಲ್ಲ, ಈ ಮಾತನ್ನು ಅವಳೇ ಹೇಳಿಕೊಂಡಿದ್ದಾಳೆ.

ಹುರುಪಿನ ಜೊತೆ ಆತಂಕವೂ ಇತ್ತು. ಎರಡು ತಿಂಗಳ ಹಿಂದೆ ಬಂಡೆಗುಡ್ಡದ ಕಡೆಯಿಂದ ಒಂದು ಹುಚ್ಚು ನರಿ ಹಾಡುಹಗಲಲ್ಲಿ ಇಳಿದು ಬಂದು ಊರ ಯಜಮಾನ ಮವುಂಗನ ಕರುವನ್ನು ಕಚ್ಚಿತ್ತು. ಕರು ಜೊಲ್ಲು ಸುರಿಸಿ, ಕಂಬಕ್ಕೆ ತಲೆ ಗುದ್ದಿ ಸತ್ತಿತು. ಆಮೇಲೆ ಕಚೇರಿಯಿಂದ ಅಪ್ಪಣೆ ಬಂತು: ಲಸಿಕೆ ಹಾಕಿದ ಮರುದಿನದಿಂದ ಕೊರಳಲ್ಲಿ ಕೆಂಪು ಪಟ್ಟಿಯಿಲ್ಲದ ನಾಯಿ ಬಯಲಲ್ಲಿ ಕಂಡರೆ ಗುಂಡು ಹೊಡೆಯುವುದು. ಕೆಂಪು ಪಟ್ಟಿ ಸಿಗುವುದು ಸೂಜಿ ಚುಚ್ಚಿಸಿಕೊಂಡ ನಾಯಿಗೆ ಮಾತ್ರ.

“ಅಲ್ಲಮ್ಮಾ ಫರಿಸಾಯಿ, ಮನೇಲಿ ಈಗ ಒಂದು ನಾಯಿ ಇಲ್ಲ ನಿಂಗೆ, ಊರ ನಾಯಿಗೆಲ್ಲ ಚುಚ್ಚೋಕೆ ನಿಂತಿದ್ದೀಯಲ್ಲ!” ಎಂದ ಚಿಗೋರ ಅಜ್ಜ. ಅವನ ಕಂಕುಳಲ್ಲಿ ಒದ್ದಾಡುವ ಒಂದು ಚೀಲವಿತ್ತು.

“ಗಂಡನ್ನ ಕಳ್ಕೊಂಡೋಳು ಮದುವೆಗೆ ಅಡುಗೆ ಮಾಡಲ್ವಾ ಅಜ್ಜ? ಸುಮ್ನೆ ಸಾಲಲ್ಲಿ ನಿಂತ್ಕೋ. ಬೆಕ್ಕುಗಳ ಸರದಿ ಕೊನೇಲಿ.”

ಮೇಜಿನ ಇನ್ನೊಂದು ಮಗ್ಗುಲಲ್ಲಿ ಯಜಮಾನ ಮವುಂಗ ಪುಸ್ತಕ ತೆರೆದು, ಕನ್ನಡಕ ಮೂಗಿನ ತುದಿಗಿಟ್ಟು ಕೂತಿದ್ದ. ಯಾರ ನಾಯಿ, ಯಾವ ಬಣ್ಣ, ಏನು ಹೆಸರು ಎಂದು ಬರೆದುಕೊಳ್ಳುವುದು ಅವನ ಕೆಲಸ. ಮೊದಲನೆಯವನು ಬಂದ.

“ಹೆಸ್ರು?”

ಬಂದವನು ಹಿಂದೆ ತಿರುಗಿ ನೋಡಿದ. ಪಕ್ಕದ ಮನೆಯವನು ಅಲ್ಲೇ, ಎರಡು ಮಾರು ದೂರದಲ್ಲಿ ನಿಂತಿದ್ದ. ಇವನು ಗಂಟಲು ಸರಿಮಾಡಿಕೊಂಡ. “ಟೈಗರ್.”

ಎರಡನೆಯವಳು ಬಂದಳು. ಅವಳದೂ ಟೈಗರ್. ಮೂರನೆಯದು ಬಿಂಗೊ. ನಾಲ್ಕನೆಯದು ಮತ್ತೆ ಟೈಗರ್. ಹತ್ತು ಗಂಟೆಯ ಹೊತ್ತಿಗೆ ಮವುಂಗ ಪೆನ್ನು ಕೆಳಗಿಟ್ಟು, “ಇದು ಹತ್ತೊಂಬತ್ತನೇ ಟೈಗರ್ ಕಣ್ರಯ್ಯಾ! ಇಷ್ಟು ಹುಲಿ ಇರೋ ಊರಿಗೆ ಒಂದು ನರಿ ಹೆಂಗ್ ಬಂತು?” ಎಂದು ಕೂಗಿದ. ಎಲ್ಲರೂ ನಕ್ಕರು, ನಿಜವಾದ ಹೆಸರನ್ನು ಮಾತ್ರ ಯಾರೂ ಹೇಳಲಿಲ್ಲ.

ಹೇಳುವುದು ಹೇಗೆ? ನಮ್ಮ ಕಡೆ ನಾಯಿಗೆ ಹೆಸರಿಡುವುದು ನಾಯಿಗೋಸ್ಕರ ಅಲ್ಲ, ಬೇಲಿಯ ಆಚೆ ಇರುವವರಿಗೋಸ್ಕರ. ಎದುರಾ ಎದುರು ಜಗಳವಾಡುವುದು ಮರ್ಯಾದಸ್ತರ ಲಕ್ಷಣವಲ್ಲ. ಅದಕ್ಕೇ ಒಂದು ಮರಿ ತಂದು ಅದಕ್ಕೆ ‘ಹೊಟ್ಟೆಕಿಚ್ಚು’ ಎಂದೋ ‘ಚಾಡಿಮಾತು’ ಎಂದೋ ಹೆಸರಿಟ್ಟು, ಸಂಜೆ ಮುದ್ದೆಯ ಉಳಿಕೆ ಹಾಕುವಾಗ ಗಂಟಲು ಹರಿಯುವಂತೆ ಕರೆಯುವುದು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರು ಬೇಲಿಯಾಚೆ ಮುಟ್ಟಿ ನೋಡಿಕೊಳ್ಳುತ್ತಾರೆ. ಯಾರನ್ನು ಬೈದಿರಿ ಎಂದು ಕೇಳಿದರೆ, ನಾಯಿಯನ್ನು ಕರೆದೆ ಅಷ್ಟೆ. ಆದರೆ ಊರೆಲ್ಲಾ ಸೇರಿದ ಕಡೆ, ಯಜಮಾನನ ಪುಸ್ತಕದಲ್ಲಿ, ಇಂಥವರ ಮನೆಯ ‘ಚಾಡಿಮಾತು’ ಎಂದು ಬರೆಸಲು ಎಂಟೆದೆ ಬೇಕು. ಇನ್ನೊಂದು ಕಟ್ಟಳೆಯೂ ಉಂಟು. ಬೇರೆಯವರ ನಾಯಿಯ ಹೆಸರನ್ನು ಯಾರೂ ಕೂಗುವುದಿಲ್ಲ. ಕೂಗಿದರೆ ಅವರ ಜಗಳವನ್ನು ನಮ್ಮ ಬಾಯಿಗೆ ಹಾಕಿಕೊಂಡಂತೆ.

ಫರಿಸಾಯಿ ಇದೆಲ್ಲ ಬಲ್ಲವಳು. ಬಲ್ಲವಳೇನು, ಈ ವಿದ್ಯೆಯಲ್ಲಿ ಪಳಗಿದವಳು. ಟೈಗರ್ ಅನ್ನಿ ಬಿಂಗೊ ಅನ್ನಿ, ಅವಳಿಗೆ ಬೇಕಾದದ್ದು ಕುತ್ತಿಗೆಯ ತೊಗಲು. ಎಡಗೈಯಲ್ಲಿ ತೊಗಲೆತ್ತಿ, ಬಲಗೈಯಲ್ಲಿ ಸೂಜಿ ಹಾಕಿ, ಒತ್ತಿ, ತೆಗೆದು, ಕೆಂಪು ಪಟ್ಟಿ ಕಟ್ಟಿ, “ಹೂಂ, ಮುಂದಿನೋರು!” ಮೂವತ್ತು ಆಯಿತು, ಐವತ್ತು ಆಯಿತು. ಒಂದು ಮುದಿ ನಾಯಿ ಸೂಜಿ ಹಾಕಿದ ಮೇಲೆ ಅವಳ ಕೈ ನೆಕ್ಕಿತು. “ಅಯ್ಯೋ ನನ್ನಪ್ಪಾ” ಎಂದು ಅದರ ಹಣೆಗೆ ಮುತ್ತು ಕೊಟ್ಟುಬಿಟ್ಟಳು. ಸಾಲಿನಲ್ಲಿದ್ದ ಹೆಂಗಸರು ಹೋ ಎಂದು ಕೇಕೆ ಹಾಕಿದರು.

ಆದರೆ ಅವಳ ಕಣ್ಣು ಸಾಲಿನ ಕೊನೆಯನ್ನೇ ಹುಡುಕುತ್ತಿತ್ತು. ಬರಬೇಕಾದ ಒಂದು ನಾಯಿ ಇನ್ನೂ ಬಂದಿರಲಿಲ್ಲ.

ಅದು ಅವಳ ಓರಗಿತ್ತಿ ಮಾತಿರಾಸಳ ನಾಯಿ. ಗಂಡನ ಅಣ್ಣನ ಹೆಂಡತಿ ಮಾತಿರಾಸ, ಅರವತ್ತು ದಾಟಿದವಳು, ಬೇಲಿಯ ಆಚೆ ಇರುವವಳು. ಅವಳ ಮೇಕೆಗಳನ್ನು ಕಾಯುತ್ತಾ ಆ ಹಳದಿ ನಾಯಿ ದಿನವೂ ಬಂಡೆಗುಡ್ಡದ ಬುಡದಲ್ಲೇ ಇರುತ್ತದೆ. ನರಿ ಇಳಿದು ಬಂದದ್ದು ಅಲ್ಲಿಂದಲೇ. ಊರಿಗೆ ರೋಗ ಬರುವುದಾದರೆ ಮೊದಲು ಆ ನಾಯಿಯನ್ನು ದಾಟಿಯೇ ಬರಬೇಕು. ಊರಲ್ಲಿ ಉಳಿದ ನಾಯಿಗಳಿಗೆಲ್ಲ ಚುಚ್ಚಿ ಅದೊಂದನ್ನು ಬಿಟ್ಟರೆ, ಮನೆ ಕಟ್ಟಿ ಬಾಗಿಲು ಇಡದೆ ಹೋದ ಹಾಗೆ. ಮೇಲಾಗಿ ನಾಳೆ ಬಂದೂಕಿನವರು ಬಂದರೆ ಗುಡ್ಡದ ಬಯಲಲ್ಲಿ ಮೊದಲು ಕಾಣುವುದೂ ಅದೇ.

ಓರಗಿತ್ತಿಯರು ಮಾತು ಬಿಟ್ಟು ಹನ್ನೊಂದು ವರ್ಷವಾಗಿತ್ತು. ಅತ್ತೆ ಏಳು ತಿಂಗಳು ಹಾಸಿಗೆ ಹಿಡಿದಾಗ ಮೈ ತೊಳೆದದ್ದು, ಉಣ್ಣಿಸಿದ್ದು, ಮಗ್ಗುಲು ಹೊರಳಿಸಿದ್ದು ಎಲ್ಲ ಮಾತಿರಾಸ. ಆಗ ಫರಿಸಾಯಿ ಗಂಡನ ಜೊತೆ ಗ್ವೇರು ಪಟ್ಟಣದಲ್ಲಿದ್ದಳು. ಮೂರು ಸಲ ಹೇಳಿಕಳಿಸಿದರೂ ಬಂದಿರಲಿಲ್ಲ. ಸತ್ತ ಮೇಲೆ ಬಂದಳು, ಬಂದು ಅಂಗಳದಲ್ಲಿ ಹೊರಳಾಡಿ ಎಲ್ಲರಿಗಿಂತ ಜೋರಾಗಿ ಅತ್ತಳು. “ಕೆಲವರ ಕಣ್ಣೀರು ಬಸ್ಸಲ್ಲೇ ಬರುತ್ತೆ” ಎಂದಳು ಮಾತಿರಾಸ, ಹೆಂಗಸರೆಲ್ಲರ ಎದುರಿಗೆ. ಆ ವರ್ಷವೇ ಗಂಡನ ಕೆಲಸ ಹೋಗಿ ಊರಿಗೆ ಬಂದು ನೆಲೆಸಿದ ಫರಿಸಾಯಿ ಮೊದಲು ಮಾಡಿದ ಕೆಲಸ ಎಂದರೆ ಒಂದು ಮರಿ ತಂದು ‘ಹಮುನ್ಯಾರಿ’ ಎಂದು ಹೆಸರಿಟ್ಟದ್ದು. ಹಾಗೆಂದರೆ, ನಿಮಗೆ ನಾಚಿಕೆಯಿಲ್ಲ. ಆರು ತಿಂಗಳಲ್ಲಿ ಬೇಲಿಯಾಚೆಯಿಂದ ‘ತಾವುರಾಯಿ’ ಎಂದು ಕೂಗು ಕೇಳಿತು: ಆಡಿಕೊಳ್ಳಿ, ಎಷ್ಟು ಬೇಕಾದರೂ ಆಡಿಕೊಳ್ಳಿ. ಹಮುನ್ಯಾರಿಗೆ ಹಾವು ಕಚ್ಚಿ ಸತ್ತ ಮೇಲೆ ಫರಿಸಾಯಿ ‘ಮುಚಾನೇತ’ನನ್ನು ತಂದಳು: ದಣಿಯುತ್ತೀರಿ, ನೋಡುತ್ತಿರಿ. ಮೂರು ವರ್ಷದ ಹಿಂದೆ ತಾವುರಾಯಿ ಮುದಿಯಾಗಿ ಹೋಯಿತು, ಮಾತಿರಾಸ ಈ ಹಳದಿ ಮರಿಯನ್ನು ತಂದಳು. ಅದರ ಹೆಸರು ಮೊದಲ ಸಲ ಬೇಲಿಯಾಚೆಯಿಂದ ಕೇಳಿದ ಸಂಜೆ ಫರಿಸಾಯಿ ಕೈಯಲ್ಲಿದ್ದ ಸೌಟನ್ನು ಒಲೆಯ ಮೇಲೇ ಬಿಟ್ಟು ಒಳಗೆ ಹೋಗಿ ಕೂತಳು.

‘ಮಾಯ್ವೆಪಿ’ ಎಂದು ಹೆಸರು. ‘ಎಲ್ಲಿದ್ರಿ?’

ಬೈಗುಳವಲ್ಲ, ಚುಚ್ಚುಮಾತಲ್ಲ. ಬರೀ ಪ್ರಶ್ನೆ, ಅದೂ ಬಹುವಚನದಲ್ಲಿ. ಮುಚಾನೇತ ಸತ್ತ ಮೇಲೆ ಫರಿಸಾಯಿ ಇನ್ನೊಂದು ನಾಯಿ ಸಾಕಲಿಲ್ಲ. ಸಾಕಿದರೆ ಹೆಸರಿಡಬೇಕಲ್ಲ. ಆ ಪ್ರಶ್ನೆಗೆ ಇಡುವಂಥ ಹೆಸರು ಅವಳ ಬಳಿ ಇರಲಿಲ್ಲ.

ಹನ್ನೆರಡು ದಾಟಿದ ಮೇಲೆ ಮಾತಿರಾಸ ಬಂದಳು. ತಲೆಗೆ ವಸ್ತ್ರ ಬಿಗಿದು, ಮರದ ನಾರಿನ ಹಗ್ಗದಲ್ಲಿ ಹಳದಿ ನಾಯಿಯನ್ನು ಹಿಡಿದು, ಮುಖ ಬೇರೆ ಕಡೆ ತಿರುಗಿಸಿಕೊಂಡು ಸಾಲಿನ ತುದಿಯಲ್ಲಿ ನಿಂತಳು. ಫರಿಸಾಯಿಗೆ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಸಾಲು ಕರಗಿತು, ಮಾತಿರಾಸಳ ಸರದಿ ಬಂತು. ಅವಳು ನಾಯಿಯ ಕಡೆ ಬಗ್ಗಿ ಪಿಸುಗುಟ್ಟಿದಳು. ಗಂಟಲಿಂದ ಬರೀ ಗಾಳಿ ಬರುತ್ತಿತ್ತು.

“ಡಾಕ್ಟ್ರಮ್ಮನಿಗೆ ಹೇಳು, ನೋವಾಗದ ಹಾಗೆ ಚುಚ್ಚಲಿ ಅಂತ.”

“ನಿನ್ನ ಯಜಮಾನ್ತಿಗೆ ಹೇಳು,” ಎಂದಳು ಫರಿಸಾಯಿಯೂ ನಾಯಿಗೇ, “ಗಟ್ಟಿಯಾಗಿ ಹಿಡ್ಕೊಂಡ್ರೆ ನೋವಾಗಲ್ಲ ಅಂತ.”

ಸೂಜಿ ಹಾಕಿಸಿಕೊಂಡೂ ಮನೆಗೆ ಹೋಗದೆ ನಾಯಿ ಹಿಡಿದು ನಿಂತಿದ್ದ ಜನರಲ್ಲಿ ಕಿಸಕ್ಕೆಂದು ನಗು ಹುಟ್ಟಿತು. ಮವುಂಗ ತಲೆಯೆತ್ತಿದ. “ಗಂಟಲಿಗೆ ಏನಾಯ್ತು ಮಾತಿರಾಸ?”

“ಹಕ್ಕಿ,” ಎಂದಳು ಅವಳು ಪಿಸುದನಿಯಲ್ಲೇ. ಸಜ್ಜೆ ತೆನೆ ಕಟ್ಟಿತ್ತು. ಸಾವಿರಗಟ್ಟಲೆ ಇಳಿಯುವ ಕೆಂಪು ಕೊಕ್ಕಿನ ಹಕ್ಕಿಗಳನ್ನು ಓಡಿಸಲು ಒಂಟಿ ಹೆಂಗಸು ಎಂಟು ದಿನ ಹೊಲದಲ್ಲಿ ನಿಂತು ಕೂಗಿದ್ದಳು. ಹಕ್ಕಿಗಳು ಹೋದವು, ದನಿಯೂ ಹೋಯಿತು.

“ಹೆಸ್ರು?” ಎಂದ ಮವುಂಗ. ನೂರು ಕಿವಿ ನೆಟ್ಟಗಾದವು. ಊರಿಗೆಲ್ಲ ಗೊತ್ತಿದ್ದ ಹೆಸರೇ, ಆದರೂ ಹೇಳುತ್ತಾಳೋ ಇಲ್ಲವೋ ಎಂದು.

ಮಾತಿರಾಸ ಬಾಯಿ ತೆರೆದಳು. ಅದೇ ಕ್ಷಣಕ್ಕೆ ಚಿಗೋರ ಅಜ್ಜನ ಚೀಲ ಹರಿಯಿತು.

ಆ ಬೆಕ್ಕು ಸಾಧಾರಣ ಬೆಕ್ಕಲ್ಲ, ಹೆಬ್ಬುಲಿಯ ತಂಗಿ. ಚೀಲದಿಂದ ಚಿಮ್ಮಿ ಮೇಜಿನ ಮೇಲೆ ಹಾರಿ, ಮವುಂಗನ ಪುಸ್ತಕ ತುಳಿದು, ಅವನ ಬೋಳು ತಲೆಯ ಮೇಲೆ ಒಂದು ಹೆಜ್ಜೆಯಿಟ್ಟು ಮರಕ್ಕೇರಿತು. ಎಂಬತ್ತು ನಾಯಿಗಳು ಒಟ್ಟಿಗೆ ನುಗ್ಗಿದವು. ಹಗ್ಗಗಳು ಪಟಪಟ ಹರಿದವು. ಹಿಡಿದವರು ಸಗಣಿಯ ಮೇಲೆ ಜಾರಿದರು, ಒಬ್ಬ ಔಷಧಿ ತೊಟ್ಟಿಯ ಅಂಚಿನಲ್ಲಿ ಕೈ ಬೀಸುತ್ತಾ ಹೆಂಡತಿಯ ಲಂಗ ಹಿಡಿದು ಬದುಕಿಕೊಂಡ. ಫರಿಸಾಯಿ ಐಸ್ ಪೆಟ್ಟಿಗೆಯನ್ನು ಹಸುಗೂಸಿನಂತೆ ಎದೆಗವಚಿಕೊಂಡು ಮರಕ್ಕೆ ಬೆನ್ನು ಕೊಟ್ಟು ನಿಂತಳು.

“ಟೈಗರ್! ಟೈಗರ್! ಬಾರೋ ಟೈಗರ್!” ಎಂದು ನಾಲ್ಕು ದಿಕ್ಕಿನಿಂದ ಕೂಗು ಎದ್ದಿತು. ಒಂದು ನಾಯಿಯೂ ತಿರುಗಿ ನೋಡಲಿಲ್ಲ. ಹುಟ್ಟಿದಾಗಿನಿಂದ ಕೇಳದ ಹೆಸರಿಗೆ ಅವೇಕೆ ತಿರುಗುತ್ತವೆ? “ಬಿಂಗೊ! ಏ ಬಿಂಗೊ!” ಅದಕ್ಕೂ ಇಲ್ಲ. ನಾಯಿಗಳು ನಾಯಿಗಳ ಮೇಲೆ ಬಿದ್ದು ದೊಡ್ಡ ಕಾಳಗವೇ ಶುರುವಾಗುವುದರಲ್ಲಿತ್ತು. ಆಗ ಒಬ್ಬ ಹೆಂಗಸು, ಪುಣ್ಯಾತ್ಗಿತ್ತಿ, ಮಾನ ಮರ್ಯಾದೆ ಬಿಟ್ಟು ಕೂಗಿಯೇ ಬಿಟ್ಟಳು: “ಗೋದೊ! ಗೋದೋ!”

ಗೋದೊ ಎಂದರೆ ಹೊಟ್ಟೆಕಿಚ್ಚು. ಕರಿ ನಾಯಿಯೊಂದು ಬಾಲ ಆಡಿಸುತ್ತಾ ಅವಳ ಕಾಲಿಗೆ ಬಂದು ಬಿತ್ತು. “ಓಹೋ, ನಮ್ಮ ಮೇಲೆ ಹೊಟ್ಟೆಕಿಚ್ಚಾ ನಿಂಗೆ?” ಎಂದಳು ಅವಳ ನೆರೆಯವಳು. ಮರುಗಳಿಗೆಯಲ್ಲಿ ತಾನೇ “ಮಕೂವ! ಬಾ ಇಲ್ಲಿ ಮಕೂವ!” ಎಂದು ಅರಚಬೇಕಾಯಿತು. ಮಕೂವ ಎಂದರೆ ಚಾಡಿಮಾತು. ಕಟ್ಟೆ ಒಡೆದ ಮೇಲೆ ನೀರು ನಿಂತೀತೆ? ‘ಶತ್ರುಗಳು’ ಬಂತು, ‘ಸಾಕು ಬಿಡಿ’ ಬಂತು, ‘ನಿಮಗೇನು ಕಷ್ಟ’ ಬಂತು. ವರ್ಷಗಟ್ಟಲೆ ಬೇಲಿಯ ಮೇಲಿಂದ ಹಾರಿದ ಮಾತುಗಳೆಲ್ಲ ಒಂದೇ ಬಯಲಲ್ಲಿ, ಒಂದೇ ಉಸಿರಿಗೆ ಬಂದು ಬಿದ್ದವು. ಕರೆದವರಿಗೇ ನಗು ತಡೆಯದೆ ಹೊಟ್ಟೆ ಹಿಡಿದುಕೊಂಡರು. ಮವುಂಗ ತಲೆ ಒರೆಸಿಕೊಳ್ಳುತ್ತಾ, “ಇದನ್ನೆಲ್ಲ ತಿದ್ದಿ ಬರೀಬೇಕಲ್ಲಪ್ಪಾ!” ಎಂದು ಅಳುದನಿ ತೆಗೆದ. ನಾಯಿಗಳು ಒಂದೊಂದಾಗಿ ತಮ್ಮ ಹೆಸರಿನ ಹಿಂದೆ ಮನೆಯವರ ಹತ್ತಿರ ಹೋದವು.

ಒಂದು ಮಾತ್ರ ಬರಲಿಲ್ಲ.

ಹಳದಿ ನಾಯಿ ಹರಿದ ಹಗ್ಗ ಎಳೆದುಕೊಂಡು ಹಳ್ಳ ದಾಟಿ ಬಂಡೆಗುಡ್ಡದ ಕಡೆ ಓಡಿತ್ತು. ಈಗ ಒಂದು ಬಂಡೆಯ ಮೇಲೆ ನಿಂತು, ಬಾಲವನ್ನು ಕಾಲ ಸಂದಿಗೆ ಹಾಕಿಕೊಂಡು ಈ ಕಡೆಯೇ ನೋಡುತ್ತಿತ್ತು. ಇಬ್ಬರು ಗಂಡಸರು ಹತ್ತಿರ ಹೋದರು, ಅದು ಮೇಲಿನ ಬಂಡೆಗೆ ಹಾರಿತು. ಇನ್ನೂ ನಾಲ್ಕು ಹೆಜ್ಜೆ ಇಟ್ಟರು, ಅದು ಇನ್ನೂ ಮೇಲೆ ಹೋಯಿತು. ಮಾತಿರಾಸ ಹಳ್ಳದ ದಂಡೆಯವರೆಗೆ ಓಡಿದಳು. ಬಾಯಿ ತೆರೆದಳು. ಕುತ್ತಿಗೆಯ ನರ ಉಬ್ಬಿತು, ಮುಖ ಕಪ್ಪಿಟ್ಟಿತು, ದನಿ ಹೊರಡಲಿಲ್ಲ. ಮತ್ತೆ ಪ್ರಯತ್ನಿಸಿದಳು. ಹರಿದ ತಿದಿಯಿಂದ ಬರುವ ಗಾಳಿಯಂಥ ಸದ್ದು ಬಂತು ಅಷ್ಟೆ. ಮವುಂಗ ಬಂದು ಅವಳ ಪಕ್ಕ ನಿಂತು, “ಟೈಗರ್! ಬಾರಯ್ಯಾ ಟೈಗರ್!” ಎಂದು ಕೂಗಿದ. ನಾಯಿ ಅವನನ್ನು ನೋಡಿ ಕಿವಿ ಕೆರೆದುಕೊಂಡಿತು.

“ಯಾರಾದ್ರೂ ಅದರ ಹೆಸ್ರು ಹಿಡಿದು ಕರೀರೇ,” ಎಂದ ಚಿಗೋರ ಅಜ್ಜ. ಯಾರೂ ಬಾಯಿ ಬಿಡಲಿಲ್ಲ. ಅದು ಆ ಇಬ್ಬರ ಜಗಳ. ಅದಕ್ಕೆ ಬಾಯಿ ಹಾಕುವವರು ಯಾರು? ನಗುತ್ತಿದ್ದವರ ಕಣ್ಣುಗಳೆಲ್ಲ ಒಂದೊಂದಾಗಿ ಫರಿಸಾಯಿಯ ಕಡೆ ತಿರುಗಿದವು.

ಹಳ್ಳದಾಚೆಯ ರಸ್ತೆಯಲ್ಲಿ ಗಾಡಿಯ ಹಾರನ್ ಕೇಳಿತು. ಎರಡು ಗಂಟೆಗೆ ಇನ್ನೂ ಅರ್ಧ ಗಂಟೆಯಿದೆ, ಡಾಕ್ಟರು ಬೇಗ ಮುಗಿಸಿಕೊಂಡು ಬರುತ್ತಿದ್ದಾರೆ. ಪೆಟ್ಟಿಗೆ ಹೋಗುತ್ತದೆ, ನಾಳೆ ಬಂದೂಕು ಬರುತ್ತದೆ.

ಫರಿಸಾಯಿಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ಈ ನಾಯಿಯ ಮೇಲೆ, ಹಕ್ಕಿಗಳ ಮೇಲೆ, ಬಾಯಿ ಮುಚ್ಚಿಕೊಂಡು ತಮಾಷೆ ನೋಡುವ ಊರಿನ ಮೇಲೆ. ಬೇಡ, ನನ್ನಿಂದಾಗದು, ಇನ್ನೇನು ಬೇಕಾದರೂ ಕೂಗುತ್ತೇನೆ, ಅದೊಂದು ಬೇಡ ಎನಿಸಿತು. ಮೂರು ವರ್ಷ ಪ್ರತಿ ಸಂಜೆ ಆ ಹೆಸರು ಕೇಳಿದಾಗ ಕಿವಿಗೆ ಕೈ ಇಟ್ಟುಕೊಂಡವಳು ಅವಳು. ಆದರೆ ಬಂಡೆಯ ಮೇಲೆ ನಿಂತ ಪ್ರಾಣಿಗೆ ಈ ಲೋಕದಲ್ಲಿ ಇದ್ದ ಒಂದೇ ಹೆಸರು ಅದು. ಅವಳು ಪೆಟ್ಟಿಗೆಯನ್ನು ಮವುಂಗನ ಕೈಗಿಟ್ಟು, ಕೋಟಿನ ತೋಳು ಮಡಿಸಿ, ಹಳ್ಳದ ದಂಡೆಗೆ ಹೋಗಿ ಓರಗಿತ್ತಿಯ ಪಕ್ಕದಲ್ಲಿ ನಿಂತಳು.

“ಮಾಯ್ವೆಪಿ!”

ನಾಯಿ ಕಿವಿ ನಿಮಿರಿಸಿತು.

“ಮಾಯ್ವೆಪೀ!” ಈ ಸಲ ಹೊಟ್ಟೆಯ ಆಳದಿಂದ ಬಂತು. ಬಂಡೆಗಳಿಗೆ ತಾಗಿ ಅದೇ ಮಾತು ಅವಳಿಗೇ ತಿರುಗಿ ಬಂತು. ಎಲ್ಲಿದ್ರಿ, ಎಲ್ಲಿದ್ರಿ. ಅವಳ ಕಣ್ಣಲ್ಲಿ ನೀರು ತುಂಬಿತು, ಒರೆಸಿಕೊಳ್ಳಲಿಲ್ಲ. “ಮಾಯ್ವೆಪೀ! ಬಾ! ಬಾ ನಮ್ಮಮ್ಮಾ!”

ನಾಯಿ ಒಂದು ಬಂಡೆ ಇಳಿಯಿತು. ನಿಂತಿತು. ಮಾತಿರಾಸಳನ್ನು ನೋಡಿತು, ಇವಳನ್ನು ನೋಡಿತು, ಇನ್ನೊಂದು ಬಂಡೆ ಇಳಿಯಿತು. ಆಮೇಲೆ ಒಮ್ಮೆಲೇ ಕಾಲುಕಿತ್ತು, ಹಳ್ಳದ ನೀರನ್ನು ನಾಲ್ಕು ಕಡೆ ಚಿಮ್ಮಿಸುತ್ತಾ ಬಂದು, ಓಡಿಬಂದ ರಭಸಕ್ಕೆ ಫರಿಸಾಯಿಯ ಬಿಳಿ ಕೋಟಿಗೆ ಎರಡೂ ಕೆಸರು ಕಾಲು ಊರಿತು. ಊರೆಲ್ಲ ಶಿಳ್ಳೆ ಹೊಡೆಯಿತು. ಹೆಂಗಸರು ನಾಲಗೆ ತಿರುಗಿಸಿ ಕೇಕೆ ಹಾಕಿದರು, ಮದುವೆ ಮನೆಯಲ್ಲಿ ಹೆಣ್ಣು ಬಂದಾಗ ಹಾಕುವಂಥದು.

“ಹಿಡ್ಕೋ ಅಕ್ಕಾ, ಹಿಡ್ಕೋ!” ಎಂದಳು ಫರಿಸಾಯಿ.

ಹನ್ನೊಂದು ವರ್ಷದಲ್ಲಿ ನೇರವಾಗಿ ಆಡಿದ ಮೊದಲ ಮಾತು ಅದು. ಆಡಿದ್ದು ಅವಳಿಗೇ ಗೊತ್ತಾಗಲಿಲ್ಲ. ಮಾತಿರಾಸ ಕೆಸರಲ್ಲೇ ಮಂಡಿಯೂರಿ ನಾಯಿಯನ್ನು ಎರಡೂ ತೋಳಲ್ಲಿ ಅಪ್ಪಿ ಹಿಡಿದಳು. ಮವುಂಗ ಪೆಟ್ಟಿಗೆ ಹೊತ್ತು ಏದುಸಿರು ಬಿಡುತ್ತಾ ಬಂದ. ಹೊಸ ಸೂಜಿ, ಸೀಸೆ, ತೊಗಲು. ನಾಯಿ ಒಂದು ಸಲ ಕುಂಯ್ ಎಂದಿತು, ಅಷ್ಟೆ. ಆಯಿತು. ಊರ ಬಾಗಿಲಿಗೆ ಅಗುಳಿ ಬಿತ್ತು.

“ಹೆಸರೇನಂತ ಬರೀಲಿ?” ಎಂದ ಮವುಂಗ ಮೆಲ್ಲಗೆ. ಈ ಸಲ ಅವನ ದನಿಯಲ್ಲಿ ತಮಾಷೆ ಇರಲಿಲ್ಲ.

“ಇರೋ ಹೆಸರೇ ಬರೀರಿ ಯಜಮಾನ್ರೇ,” ಎಂದಳು ಫರಿಸಾಯಿ. “ಆಗಲೇ ಮೂರು ಸಲ ಕೂಗಿದ್ದೀನಿ.”

ಅವನು ಬರೆದುಕೊಂಡು, ದೊಡ್ಡ ಮನುಷ್ಯ, ಜನರನ್ನೆಲ್ಲ ಕರೆದುಕೊಂಡು ಮರದ ಕಡೆ ಹೋದ. ದಂಡೆಯಲ್ಲಿ ಇವರಿಬ್ಬರೇ ಉಳಿದರು, ನಡುವೆ ನಾಯಿ. ಮಾತಿರಾಸ ನಾಯಿಯ ಕೊರಳನ್ನು ಬಿಡಲಿಲ್ಲ. ಫರಿಸಾಯಿ ಎದ್ದು ಹೋಗಬಹುದಿತ್ತು, ಗಾಡಿಯ ಸದ್ದು ಹತ್ತಿರವಾಗುತ್ತಿತ್ತು. ಹೋಗಲಿಲ್ಲ.

“ಗ್ವೇರು ಬಸ್ ನಿಲ್ದಾಣದಲ್ಲಿದ್ದೆ ಅಕ್ಕಾ,” ಎಂದಳು.

ಮಾತಿರಾಸ ತಲೆಯೆತ್ತಿದಳು.

“ಮೂರನೇ ಸಲ ಹೇಳಿಕಳಿಸಿದ್ಯಲ್ಲ, ಆವತ್ತು. ಟಿಕೆಟ್ ತಗೊಂಡು, ಬಸ್ ಹತ್ತಿ, ಕಿಟಕಿ ಪಕ್ಕ ಕೂತಿದ್ದೆ. ನಮ್ಮವ್ವ ಹಾಗೇ ಮಲಗಿದ ಕಡೆ ಮಲಗಿ ಸತ್ತಿದ್ಲು, ನಾನು ಚಿಕ್ಕೋಳು. ಆ ಕೋಣೆ ವಾಸನೆ ನೆನಪಾಯ್ತು. ಬಸ್ ಹೊರಡೋ ಹೊತ್ತಿಗೆ ಇಳಿದುಬಿಟ್ಟೆ. ಮಗನ ಪರೀಕ್ಷೆ, ರಜ ಇಲ್ಲ ಅಂತೆಲ್ಲ ಹೇಳಿಕಳಿಸಿದ್ದು ಸುಳ್ಳು. ಹೆದರಿಕೆ ಆಯ್ತು. ನೀನೊಬ್ಬಳೇ ಮಾಡ್ತಿದ್ದೀಯ ಅಂತ ಗೊತ್ತಿದ್ದೂ ಇಳಿದುಬಿಟ್ಟೆ.”

ಹೇಳಿ ಮುಗಿಸಿ, ಎರಡೂ ಅಂಗೈ ಕುಳಿ ಮಾಡಿ, ಮಂಡಿಯೂರಿ ಮೆಲ್ಲಗೆ ಚಪ್ಪಾಳೆ ತಟ್ಟಿದಳು, ತಪ್ಪಾಯಿತೆಂದು ನಮ್ಮ ಕಡೆ ಚಿಕ್ಕವಳು ಹಿರಿಯಳಿಗೆ ತಟ್ಟಬೇಕಾದಂತೆ. ನಾಯಿ ತಲೆ ಓರೆ ಮಾಡಿ ಅದನ್ನೇ ನೋಡಿತು.

ಮಾತಿರಾಸ ಪಿಸುದನಿಯಲ್ಲೇ ಮಾತಾಡಿದಳು, ಫರಿಸಾಯಿ ಮುಖ ಹತ್ತಿರ ತಂದು ಕೇಳಿಸಿಕೊಳ್ಳಬೇಕಾಯಿತು.

“ಇಷ್ಟು ಹೇಳೋಕೆ ನಾಲ್ಕು ನಾಯಿ ಬೇಕಾಯ್ತೇನೆ ನಮಗೆ?”

ಫರಿಸಾಯಿಗೆ ನಗು ಬಂತು, ಅಳುವೂ ಬಂತು, ಯಾವುದು ಮೊದಲು ಬಂತೋ ಗೊತ್ತಾಗಲಿಲ್ಲ. ಕೆಂಪು ಪಟ್ಟಿಯನ್ನು ನಾಯಿಯ ಕೊರಳಿಗೆ ಸುತ್ತಿದಳು. ಬೆಳಗಿನಿಂದ ಎಂಬತ್ತು ಗಂಟು ಹಾಕಿದ ಬೆರಳಿಗೆ ಈ ಒಂದು ಗಂಟು ಬೀಳಲಿಲ್ಲ. ಮಾತಿರಾಸ ಅವಳ ಕೈ ಸರಿಸಿ, ತಾನೇ ಎಳೆದು ಕಟ್ಟಿದಳು.